ಒಂದು ಚೀಲ ಮಂಜಿನ ತಕರಾರು

ನಮ್ಮ ಬಾಗಿಲ ಚಿಲಕಕ್ಕೆ ಸುಂಕದವರು ಬಿಳಿ ಬಟ್ಟೆ ಕಟ್ಟಿ ಹೋಗಿದ್ದಾರೆಂದು ನನಗೆ ಹೇಳಿದವಳು ಎದುರುಮನೆಯ ನೀಲವ್ವ. ಹೇಳುವಾಗ ಅವಳ ಮುಖದಲ್ಲಿದ್ದ ಖುಷಿ ನೋಡಿಯೇ ನನಗೆ ಮೈ ಉರಿಯಿತು. "ದಾವಲಬಿ, ನಿಮ್ಮ ಮನಿಗೂ ಬಂತಲ್ಲ ಬೇ ದಂಡ!" ಅಂದಳು, ಮನೆಗೆ ಬೀಗರು ಬಂದಷ್ಟು ಸಂಭ್ರಮದಿಂದ. ನಾನು ಆ ಬಟ್ಟೆ ಬಿಚ್ಚಿ, ಅವಳ ಎದುರಿಗೇ ಆಟೋದ ಗಾಜು ಒರೆಸಿದೆ. ಸುಂಕದವರ ಬಟ್ಟೆ ಮಾತ್ರ ಚಲೋ ಇರುತ್ತದೆ, ಅಷ್ಟು ಒಪ್ಪಬೇಕು.

ನಮ್ಮೂರಿನ ಒಳಪೇಟೆ ಬೋಗುಣಿಯಂಥ ತಗ್ಗಿನಲ್ಲಿದೆ. ಬೆಳಗಾದರೆ ಅದರ ತುಂಬ ಮಂಜು. ಆ ಮಂಜಿಗೆ ತಾನಾಗಿ ಎದ್ದು ಹೋಗುವ ಅಭ್ಯಾಸವಿಲ್ಲ, ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಅದಕ್ಕೆ ಗಾಡಿ ತೆಗೆದುಕೊಂಡು ಒಳಪೇಟೆಗೆ ಹೋದವರು ವಾಪಸು ಬರುವಾಗ ಅಗಸಿ ಬಾಗಿಲಲ್ಲಿ ಒಂದು ಚೀಲ ಮಂಜು ತುಂಬಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಊರಾಚೆಯ ದಿನ್ನೆಯ ಮೇಲೆ ಬಿಚ್ಚಿ ಬರಬೇಕು. ಇದೇ ನಮ್ಮೂರ ಗಾಡಿ ಸುಂಕ. ಮದುವೆಯ ಬಸ್ಸಾದರೂ ಬಿಡುವುದಿಲ್ಲ, ಮದುಮಗಳ ತೊಡೆಯ ಮೇಲೊಂದು ಚೀಲ ಇಟ್ಟು ಕಳಿಸುತ್ತಾರೆ. ದವಾಖಾನೆಯ ಡಾಕ್ಟರು ಒಮ್ಮೆ ಚೀಲದ ಬಾಯಿ ಸಡಿಲ ಕಟ್ಟಿಸಿಕೊಂಡು, ಕಾರಿನೊಳಗೆಲ್ಲ ಮಂಜು ತುಂಬಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ಓಡಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸುಂಕ ತಪ್ಪಿಸಿದವರ ಮನೆಗೆ ದಂಡದ ಮಂಜನ್ನು ತಂದು ಬಿಡುತ್ತಾರೆ. ಅದು ಮಳೆಗಾಲದ ತನಕ ಅಲ್ಲೇ ಇರುತ್ತದೆ. ಬೇರೆಯವರಿಗೆ ಅದೊಂದು ಕಿರಿಕಿರಿ ಅಷ್ಟೆ. ಮಂಜಿನಲ್ಲೇ ಒಗ್ಗರಣೆ ಹಾಕುತ್ತಾರೆ, ಮಂಜಿನಲ್ಲೇ ಜಗಳ ಆಡುತ್ತಾರೆ. ನಮಗೆ ಹಾಗಲ್ಲ. ನಮ್ಮದು ಹತ್ತಿಯ ಮನೆ, ಹತ್ತಿಗೆ ಪಸೆ ತಾಗಿದರೆ ಕೆಲಸ ನಿಂತಂತೆಯೇ.

ನಾವು ಪಿಂಜಾರರು. ನನ್ನ ಗಂಡ ರಾಜೇಸಾಬ ಹತ್ತಿ ಪಿಂಜುತ್ತಾನೆ, ನನ್ನ ಅವ್ವ ಹುಸೇನಬಿ ಗಾದಿ ತುಂಬಿ ಹೊಲಿಯುತ್ತಾಳೆ, ನಾನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆಮನೆಗೆ ಮುಟ್ಟಿಸುತ್ತೇನೆ. ಒಂದು ಕಾಲಕ್ಕೆ ಅವ್ವನ ಕೈಯ ಗಾದಿ ಅಂದರೆ ಜನ ಮುಗಿಬೀಳುತ್ತಿದ್ದರು. ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಅವ್ವ ಅದನ್ನು ಒಪ್ಪಬೇಕಲ್ಲ! "ಈ ಮನ್ಯಾಗ ಬೆಳಕ ಕಡಿಮಿ" ಅನ್ನುತ್ತಿದ್ದಳು. ಅಂಗಳದಲ್ಲಿ ಕೂತರೆ "ಇವತ್ತ ಮೋಡ ಐತಿ" ಅನ್ನುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯುತ್ತಿರಲಿಲ್ಲ. ನಾಲಿಗೆಯಿಂದ ದಾರ ಒದ್ದೆ ಮಾಡಿ, ಉಗುರಿನಿಂದ ಸೂಜಿಯ ಕಣ್ಣು ಹುಡುಕಿ, ಎಷ್ಟು ಹೊತ್ತಾದರೂ ತಾನೇ ಪೋಣಿಸಬೇಕು. ನಾನು ಹತ್ತಿರ ಹೋದರೆ ಮೊಣಕೈಯಿಂದ ನೂಕುತ್ತಿದ್ದಳು.

ಹೋದ ವರ್ಷ ಅವಳು ತುಂಬಿದ ಒಂದು ಗಾದಿಯಲ್ಲಿ ಗಂಟು ಉಳಿದು ಗಿರಾಕಿ ವಾಪಸು ತಂದು ಒಗೆದು ಹೋದ. ರಾಜೇಸಾಬ ಒಳ್ಳೆಯ ಮನುಷ್ಯ, ಜೋರು ಮಾತಾಡುವವನಲ್ಲ. "ಅತ್ತಿ, ಭಾಳ ದುಡದೀರಿ, ಇನ್ನ ಕೂತ ಉಣ್ಣರಿ" ಅಂದ. ಅವ್ವ ಅವತ್ತು ಉಣ್ಣಲೇ ಇಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು, ಕೈಗಳು ಮಾತ್ರ ಮಡಿಲಲ್ಲಿ ಇಲ್ಲದ ಹತ್ತಿಯನ್ನು ಬಿಡಿಸುತ್ತಿದ್ದವು. ಗಂಡನ ಕೂಡ ಜಗಳ ಆಡಿ ಅವಳನ್ನು ಮತ್ತೆ ಕೆಲಸಕ್ಕೆ ಕೂರಿಸಿದೆ. "ಇದ ಕಡೀದು, ಇನ್ನೊಮ್ಮಿ ಏನಾರ ಎಡವಟ್ಟ ಆತಂದ್ರ ನಾ ಯಾರ ಮಾತೂ ಕೇಳೂದಿಲ್ಲ" ಅಂದಿದ್ದ ರಾಜೇಸಾಬ. ಈ ಮಾತು ನೆನಪಿರಲಿ, ನನಗಂತೂ ದಿನವೂ ನೆನಪಿರುತ್ತಿತ್ತು.

ಸುಂಕ ತಪ್ಪಿದ ದಿನ ನಾನು ಒಳಪೇಟೆಯ ಛತ್ರಕ್ಕೆ ದಿಂಬು ಇಳಿಸಿ, ಅಗಸಿಯಲ್ಲಿ ನ್ಯಾಯವಾಗಿ ಚೀಲ ತುಂಬಿಸಿಕೊಂಡೇ ಹೊರಟಿದ್ದೆ. ಹೆಂಗಸರು ಮೊರದಿಂದ ಮಂಜನ್ನು ನೂಕಿ ನೂಕಿ ತುಂಬಿ, ಬಾಯಿ ಬಿಗಿದು ಕೊಟ್ಟಿದ್ದರು. ನೆಟ್ಟಗೆ ದಿನ್ನೆಗೆ ಹೋಗಬೇಕಿತ್ತು. ಆದರೆ ದಾರಿಯಲ್ಲೇ ನಮ್ಮ ಮನೆ, ಮನೆಯಿಂದ ಬಿಸಿ ರೊಟ್ಟಿಯ ವಾಸನೆ, ಅದರ ಹಿಂದೆ ಪುಂಡಿಪಲ್ಲೆಯ ವಾಸನೆ. ಹಸಿದವಳು ಏನು ಮಾಡಬೇಕು? ಬಿಸಿಲಿಗೆ ಮಂಜು ಸೋರುತ್ತದೆಂದು ಚೀಲವನ್ನು ಅಂಗಳದ ನೆರಳಿಗೆ ಇಳಿಸಿ ಉಣ್ಣಲು ಕೂತೆ. ಆ ನೆರಳಿನಲ್ಲಿ ನಮ್ಮ ಹತ್ತಿಚೀಲಗಳೂ ಇದ್ದವು. ಎಲ್ಲವೂ ಬಿಳಿ, ಎಲ್ಲವೂ ಉಬ್ಬಿಕೊಂಡಿದ್ದವು. ನಾನು ಕೈ ತೊಳೆಯುವಷ್ಟರಲ್ಲಿ ರಾಜೇಸಾಬ ಒಂದು ಚೀಲ ಎತ್ತಿ ಆಟೋಕ್ಕೆ ಹಾಕಿ, "ಹೊತ್ತಾತು, ನಡಿ" ಅಂದ. ನಡೆದೆ.

ದಿನ್ನೆಯ ಮೇಲೆ ಗಾಡಿಗಳ ಸಾಲು ಉದ್ದ ಇತ್ತು. ನನ್ನ ಪಾಳಿ ಬಂದಾಗ ಹೊತ್ತು ಇಳಿದಿತ್ತು. ಕಾವಲಿನ ಯಮನೂರಪ್ಪ ನೋಡುತ್ತಿದ್ದಂತೆ ಚೀಲ ಬಿಚ್ಚಿ ಕೊಡವಿದೆ. ದೊಪ್ಪೆಂದು ಹಳೆಯ ಹತ್ತಿ ಬಿತ್ತು. ಹಿಂದಿನ ಗಾಡಿಯವರೆಲ್ಲ ಹೋ ಅಂದರು. ಯಮನೂರಪ್ಪ ಬಗ್ಗಿ ಒಂದು ಹಿಡಿ ಎತ್ತಿ ನೋಡಿ, "ಏನ ದಾವಲಬಿ, ಈ ಸಲದ ಮಂಜಿಗೆ ಬೀಜ ಹಿಡದಾವಲ್ಲ!" ಅಂದ. ನನಗೆ ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಚೀಲ ಅದಲುಬದಲಾಗಿದೆ, ಮನೆಗೆ ಹೋಗಿ ತರುತ್ತೇನೆ ಅಂದೆ. ಅವನು ಗದ್ದದಿಂದ ಸೂರ್ಯನ ಕಡೆ ತೋರಿಸಿದ. ಸೂರ್ಯ ಅರ್ಧ ಮುಳುಗಿದ್ದ.

ಆದರೂ ಬಿಡದೆ ಮನೆಗೆ ಓಡಿಸಿದೆ. ಅವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಹಬ್ಬದೂಟ ಉಂಡವರ ತೃಪ್ತಿ ಅವಳ ಮುಖದಲ್ಲಿತ್ತು. ಅವಳ ಪಕ್ಕದಲ್ಲಿ ಅಗಸಿಯ ಚೀಲ ಬರಿದಾಗಿ, ನೀಟಾಗಿ ಮಡಚಿ ಇತ್ತು.

"ದಾವಲಿ, ಆ ಹತ್ತಿ ಎಲ್ಲಿಂದ ತಂದಿ?" ಅಂದಳು. "ಬೀಜ ಇಲ್ಲ, ಕಸ ಇಲ್ಲ, ಹಿಡದ್ರ ಹಿಡದಂಗ ಇಲ್ಲ. ಇಷ್ಟ ವರ್ಷದಾಗ ಇಂಥಾ ಹತ್ತಿ ನನ್ನ ಕೈಗೆ ಬಂದಿದ್ದಿಲ್ಲ ನೋಡು. ಅಂಬಾಬಾಯಿ ಗಾದಿಗೆ ತುಂಬಿಬಿಟ್ಟೆ. ಸಣ್ಣ ಹೊಲಿಗಿ ಹಾಕೇನಿ, ಒಂದೆಳಿ ಹೊರಗ ಬರೂದಿಲ್ಲ."

ಗಾದಿಯನ್ನು ರಾಜೇಸಾಬ ಆಗಲೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಒಳಪೇಟೆಗೆ ಹೋಗಿದ್ದ. ತಳ್ಳುಗಾಡಿಗೆ ಸುಂಕವಿಲ್ಲ. ಯವ್ವಾ, ನೀನು ತುಂಬಿದ್ದು ಹತ್ತಿ ಅಲ್ಲ, ಮಂಜು ಅಂತ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿದೆ. "ದೂರದ ಹತ್ತಿ ಬೇ ಅದು, ಸಿಗೂದ ಅಪರೂಪ" ಅಂದುಬಿಟ್ಟೆ. ಮಾರನೆಯ ಬೆಳಗ್ಗೆಯೇ ಬಿಳಿ ಬಟ್ಟೆ ಬಂದದ್ದು. ಅಂಗಳದಲ್ಲಿ ಉಳಿದಿದ್ದ ಸುಂಕದ ಚೀಲ ಯಾರೋ ಕದ್ದರು ಅಂತ ಗಂಡನಿಗೆ ಹೇಳಿದೆ. "ತಕರಾರ ಹಾಕು, ನಾವ್ಯಾಕ ದಂಡ ಹೊರಬೇಕು?" ಅಂದ ಅವನು. ಹಾಕಿದೆ.

ಅಂಬಾಬಾಯಿ ಅಂದರೆ ಒಳಪೇಟೆಯ ಹಿಟ್ಟಿನ ಗಿರಣಿಯವಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ನಿದ್ದೆ ಹೋಗಿತ್ತು. ಯಾವ ಔಷಧಿಗೂ ಬಗ್ಗದ ಆ ನಿದ್ದೆ ಈಗ ಬಂತು ನೋಡಿ. ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದವರು ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ಕೂತರು. ಒಳಗಿನಿಂದ ಗೊರಕೆ ಕೇಳಿಸಿತಂತೆ. ಕೆಲವರಿಗೆ ಸಿಟ್ಟು ಬಂತು, ಹೆಚ್ಚಿನವರು ಮಾತ್ರ ಕೇಳುತ್ತ ಕೇಳುತ್ತ ಅಲ್ಲೇ ತೂಕಡಿಸಿದರು. ಆ ವಾರ ಒಳಪೇಟೆಯಲ್ಲಿ ರೊಟ್ಟಿಗಳು ತಡವಾಗಿ ಬೆಂದವು. ಎಲ್ಲಿಯ ಗಾದಿ, ಯಾರ ಕೈಯದು ಅಂತ ವಿಚಾರಿಸಿಕೊಂಡು ಜನ ನಮ್ಮ ಮನೆಗೆ ಬರತೊಡಗಿದರು. "ಹುಸೇನಬಿ ಕೈಯಿಂದನ ತುಂಬಬೇಕ್ರೀ" ಅಂತ ಹಟ ಮಾಡಿದರು. ಅವ್ವ ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು, ಕಾಣದ ಕಣ್ಣಿನಿಂದ ಅವರನ್ನೆಲ್ಲ ನೋಡುತ್ತಿದ್ದಳು. ರಾಜೇಸಾಬ ನಾಚಿಕೊಂಡು, "ಅತ್ತಿ, ನಾ ಅವತ್ತ ತಪ್ಪ ಮಾತಾಡಿದೆ" ಅಂತ ಎಲ್ಲರ ಮುಂದೆ ಹೇಳಿದ. ಅವ್ವ ಇಡೀ ದಿನ ಗುನುಗುತ್ತ ಹೊಲಿದಳು. ಸಂಜೆ ನನ್ನ ಹತ್ತಿರ ಬಂದು, "ಆ ಹತ್ತಿ ಇನ್ನೊಂದೀಟು ತಾ, ನಮ್ಮ ಹತ್ತಿ ಇದರ ಮುಂದ ಕಲ್ಲಿದ್ದಂಗ ಐತಿ" ಅಂದಳು. ತರುತ್ತೇನೆ ಅಂದೆ. ಒಂದು ಸುಳ್ಳಿಗೆ ಇನ್ನೊಂದು ಕೂಡಿಸುತ್ತ ಹೋಗುವುದರಲ್ಲಿ ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ತಕರಾರು ಕೇಳುವ ಕಚೇರಿ ಅಗಸಿಯ ಮಗ್ಗುಲಲ್ಲೇ ಇದೆ. ಅಲ್ಲಿ ಯಾವಾಗಲೂ ಮೊಣಕಾಲಮಟ ಮಂಜು ನಿಂತಿರುತ್ತದೆ, ಚಪ್ಪಲಿ ಬಿಟ್ಟರೆ ಮತ್ತೆ ಸಿಗುವುದು ದೈವಯೋಗ. ಸುಂಕದ ಸಾಹೇಬರು ಹಂಪಯ್ಯನವರು ಕನ್ನಡಕ ತೆಗೆದು ಒರೆಸುತ್ತ, ಹಾಕಿಕೊಂಡು ಮತ್ತೆ ತೆಗೆದು ಒರೆಸುತ್ತ ಕೂತಿದ್ದರು. ನನಗಿಂತ ಮೊದಲು ಹಾಲಿನ ವ್ಯಾನಿನ ಮಲ್ಲೇಶಿಯ ತಕರಾರಿತ್ತು. ತನ್ನ ಚೀಲದ ಮಂಜನ್ನು ಎಮ್ಮೆ ಕುಡಿದುಬಿಟ್ಟಿದೆ ಅಂತ ಅವನ ವಾದ. ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದ. ಸಾಹೇಬರು ಅದರ ಮುಂದೆ ಬಹಳ ಹೊತ್ತು ಕಾದರು. ಕೊನೆಗೆ ಎಮ್ಮೆ ಆಕಳಿಸಿತು, ಬಾಯಿಂದ ಬೆಳ್ಳಗೆ ಒಂದಿಷ್ಟು ಹೊರಗೆ ಬಂತು. "ಹೌದು, ನಮ್ಮದ ಐತಿ" ಅಂದು ಸಾಹೇಬರು ದಂಡ ತೆಗೆದುಹಾಕಿದರು. ಮಲ್ಲೇಶಿ ಎಮ್ಮೆಯ ಕೊರಳು ತಬ್ಬಿಕೊಂಡ.

"ನೋಡ ತಂಗಿ," ಅಂದರು ನನಗೆ. "ಮಂಜು ಎಲ್ಲೂ ಹಾರಿ ಹೋಗೂದಿಲ್ಲ. ಎಲ್ಲೆರ ಇರಬೇಕು. ಎಲ್ಲೈತಿ ಅಂತ ತೋರ್ಸು, ಬಿಚ್ಚಿ ನೋಡ್ತೀವಿ, ದಂಡ ತೆಗಿತೀವಿ. ಸುಮ್ಮನ ಹತ್ತಿ ತಂದು ಸುರುವಿ, ಕಳುವಾತು ಅಂದ್ರ ನಾವು ಹೆಂಗ ನಂಬೂದು?"

"ನಾ ಕಳ್ಳಿ ಅಲ್ರಿ ಸಾಹೇಬ್ರ!" ಅಂದೆ ಜೋರಾಗಿ. ಬೇಕೆಂದರೆ ಒಂದೇ ಮಾತು ಸಾಕಿತ್ತು. ಅಂಬಾಬಾಯಿಯ ಗಾದಿಯ ಹೊಲಿಗೆ ಬಿಚ್ಚಿ ನೋಡಿರಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅದು ಆಗುವುದಿಲ್ಲವಲ್ಲ. ಮಂಜಿಗೂ ಹತ್ತಿಗೂ ವ್ಯತ್ಯಾಸ ತಿಳಿಯದ ಮುದುಕಿ ಅಂತ ಊರೆಲ್ಲ ನಕ್ಕರೆ ಅವ್ವ ಆ ಗೋಡೆಯ ಕಡೆ ತಿರುಗಿ ಕೂತವಳು ಮತ್ತೆ ಈ ಕಡೆ ತಿರುಗುವುದಿಲ್ಲ. ಸಾಹೇಬರು ಮುಂದಿನ ಸಂತೆಯ ತನಕ ವಾಯಿದೆ ಕೊಟ್ಟರು.

ಗುಟ್ಟಾಗಿ ಗಾದಿ ವಾಪಸು ತಂದುಬಿಟ್ಟರೆ ಹೇಗೆ ಅನ್ನುವ ಯೋಚನೆ ಬಂತು. ಮೂಲೆಯ ಹೊಲಿಗೆ ಸರಿ ಮಾಡಿ ಕೊಡುತ್ತೇನೆ ಅಂತ ಹೇಳಿ ತರುವುದು, ಸಾಹೇಬರೊಬ್ಬರಿಗೇ ತೋರಿಸಿ, ನಾನೇ ತುಂಬಿದ್ದು ಅನ್ನುವುದು, ಒಳಗೆ ನಮ್ಮ ಹತ್ತಿ ಹಾಕಿ ಕೊಟ್ಟುಬಿಡುವುದು. ಹೊಂಚು ಹಾಕಿಕೊಂಡು ಮಧ್ಯಾಹ್ನ ಅಂಬಾಬಾಯಿಯ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಗಿರಣಿ ನಿಂತಿತ್ತು. ನಡುಮನೆಯಲ್ಲಿ ಅವಳು ಗಾದಿಯ ಮೇಲೆ ಮಗ್ಗುಲಾಗಿ, ಅಂಗೈ ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಹೊಲಿಗೆಯ ತೂತುಗಳಿಂದ ಎಳೆಯಷ್ಟು ಸಣ್ಣಗೆ ಮಂಜು ಎದ್ದು, ಅವಳ ಕೂದಲ ಹತ್ತಿರ ಸುಳಿದು, ಮತ್ತೆ ಒಳಗೇ ಹೋಗುತ್ತಿತ್ತು. ಗೋಡೆಯ ಗಡಿಯಾರ ಕೂಡ ಸದ್ದು ಮಾಡಲು ಹಿಂಜರಿಯುತ್ತಿತ್ತು. ನಾನು ಎಷ್ಟು ಹೊತ್ತು ನಿಂತೆನೋ ನನಗೇ ತಿಳಿಯದು.

ಎದ್ದವಳು ನನ್ನನ್ನು ನೋಡಿ ನಕ್ಕಳು. "ಬಾ ತಂಗಿ, ಯಾವಾಗ ಬಂದಿ? ನಮ್ಮವರು ಇದ್ದಾಗ ಅವರಿಗೆ ಕೆಮ್ಮು ಭಾಳ. ಹೋದ ಮ್ಯಾಲೂ ನಾ ಕೆಮ್ಮು ಕೇಳತೈತೇನೋ ಅಂತ ಕಿವಿ ಕೊಟ್ಟು ಬಿದ್ದಿರ್ತಿದ್ದೆ. ಈಗ ಕಣ್ಣು ಮುಚ್ಚಿದ್ರ ಬೆಳ್ಳಗ ಆಗತೈತಿ, ಆ ಬೆಳ್ಳಗಿನದ್ರಾಗ ಅವರು ಕೂತಿರ್ತಾರ, ಕೆಮ್ಮೂದಿಲ್ಲ, ಏನಿಲ್ಲ. ನಿಮ್ಮವ್ವನ ಕೈಗೆ ಮುತ್ತಿಡಬೇಕು ನೋಡು."

ನಾನು ನೀರು ಕುಡಿದೆ. ಅದೂ ಇದೂ ಮಾತಾಡಿದೆ. ಹೊಲಿಗೆಯ ಮಾತು ಎತ್ತಲಿಲ್ಲ. ಹೊರಗೆ ಬಂದು ಆಟೋದಲ್ಲಿ ಕೂತು ಒಂದಿಷ್ಟು ಅತ್ತೆ, ಯಾರೂ ನೋಡಲಿಲ್ಲ. ಅಗಸಿಯಲ್ಲಿ ಅವತ್ತಿನ ಚೀಲ ತುಂಬಿಸಿಕೊಂಡು ನೆಟ್ಟಗೆ ದಿನ್ನೆಗೆ ಹೋಗಿ ಬಿಚ್ಚಿ ಬಂದೆ.

ಸಂತೆಯ ದಿನ ನಾನು ಕಚೇರಿಗೆ ಹೊರಟಾಗ ಅವ್ವ ಹೊಸ ಸೀರೆ ಉಟ್ಟು ಆಟೋದಲ್ಲಿ ಕೂತಿದ್ದಳು. ಸುಂಕದವರು ಮಗಳಿಗೆ ಮೋಸಗಾರ್ತಿ ಅಂದಿದ್ದಾರೆಂದು ನೀಲವ್ವ ಅವ್ವನ ಕಿವಿಗೆ ಹಾಕಿದ್ದಳು, ಅವಳ ಬಾಯಿಗೆ ಮಣ್ಣು ಬೀಳಲಿ. ಇಳಿ ಅಂದರೆ ಇಳಿಯಲಿಲ್ಲ. ಕಚೇರಿಯಲ್ಲಿ ನನ್ನ ಭುಜ ಹಿಡಿದುಕೊಂಡು ಮಂಜಿನಲ್ಲಿ ನಡೆದು ಬಂದು, ಸಾಹೇಬರು ಇದ್ದಾರೆಂದು ತಿಳಿದುಕೊಂಡ ಕಡೆಗೆ ಕೈ ಮುಗಿದಳು. ಅಲ್ಲಿ ಬಾಗಿಲಿತ್ತು.

"ಸಾಹೇಬ್ರ, ನಾ ಹುಸೇನಬಿ," ಅಂದಳು ಬಾಗಿಲಿಗೆ. "ನಮ್ಮ ಮನ್ಯಾಗ ಒಂದ ಹಿಡಿ ಹತ್ತಿ ಕಡಿಮಿ ತುಂಬಿ ಗೊತ್ತಿಲ್ಲ ನಮಗ. ನನ್ನ ಮಗಳು ಮೋಸ ಮಾಡಾಕಿ ಅಲ್ಲ. ನಿಮ್ಮ ಚೀಲ ನಮ್ಮ ಅಂಗಳಕ್ಕ ಬಂದಿದ್ರ ನನ್ನ ಕಣ್ಣು ತಪ್ಪಿಸಿ ಹೋಗತಿದ್ದಿಲ್ಲ."

ಯಾರೂ ನಗಲಿಲ್ಲ. ಹಂಪಯ್ಯನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಿಧಾನವಾಗಿ, ಮೆತ್ತಗೆ ಕೇಳಿದರು: "ಹಂಗಾರ ಅವತ್ತ ಅಂಗಳದಾಗ ಇದ್ದ ಚೀಲದಾಗಿಂದು ನೀವು ಏನರ ಗಾದಿಗೆ ತುಂಬಿದಿರೇನ್ರಿ ಅವ್ವಾರ?"

ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಿತು. ನೆನಪು ಮಾಡಿಕೊಳ್ಳುತ್ತಿದ್ದಳು. ಇನ್ನೊಂದು ಉಸಿರು ಬಿಟ್ಟಿದ್ದರೆ ಅವಳಿಗೇ ಹೊಳೆಯುತ್ತಿತ್ತು. ಅದಕ್ಕೆ ಮೊದಲು ನಾನು ಬಾಯಿ ಹಾಕಿದೆ. "ಅವರನ್ನ್ಯಾಕ ಕೇಳ್ತೀರಿ? ತಪ್ಪು ನಂದು. ದಿನ್ನಿ ತನಕ ಹೋಗಾಕ ಬ್ಯಾಸರ ಆತು, ದಾರ್ಯಾಗ ಓಣ್ಯಾಗ ಬಿಚ್ಚಿದೆ. ಹತ್ತಿ ತುಂಬಿ ನಿಮ್ಮ ಕಣ್ಣಾಗ ಮಣ್ಣ ಹಾಕಾಕ ನೋಡಿದೆ. ದಂಡ ಹಾಕ್ರಿ."

ಅವ್ವ ಭುಜದಿಂದ ಕೈ ತೆಗೆದಳು. ಆಮೇಲೆ ಗೋಡೆ ಹಿಡಿದುಕೊಂಡು ಒಬ್ಬಳೇ ಹೊರಗೆ ಹೋದಳು. ಆಟೋ ಮನೆ ಹತ್ತಿರ ಬಂದಾಗ, "ನಿಮ್ಮಪ್ಪ ಇದ್ದಿದ್ರ ಇವತ್ತ ಏನಂತಿದ್ದ" ಅಂದಳು. ನನಗೆ ಆ ದಂಡಕ್ಕಿಂತ ಈ ಮಾತು ಹೆಚ್ಚು ಹತ್ತಿತು. ಮುಂದಿನ ದಿನಗಳಲ್ಲಿ ಅವಳು ನನ್ನ ಕೈಯಿಂದ ಚಹಾ ಕೂಡ ತೆಗೆದುಕೊಳ್ಳಲಿಲ್ಲ, ರಾಜೇಸಾಬನ ಕೈಯಿಂದ ತರಿಸಿಕೊಂಡಳು. ರಾಜೇಸಾಬನೂ ನನ್ನ ಮುಖ ನೋಡುತ್ತಿರಲಿಲ್ಲ. ಇದ್ದಬದ್ದ ಹತ್ತಿಯನ್ನೆಲ್ಲ ನೀಲವ್ವನ ಅಟ್ಟಕ್ಕೆ ಸಾಗಿಸಿದ. ಅವಳು ಅಟ್ಟ ಕೊಟ್ಟಳು, ಮಾತೂ ಕೊಟ್ಟಳು, ಎರಡನ್ನೂ ತೆಗೆದುಕೊಳ್ಳಬೇಕಾಯಿತು.

ಸುಂಕದವರು ಒಂದು ಬೆಳಗ್ಗೆ ಚೀಲಗಳನ್ನು ಹೊತ್ತು ಬಂದರು. ಬಂದವರು ಒಳ್ಳೆಯವರೇ, ಒಲೆಯ ಮೇಲಿನ ಹಾಲು ಇಳಿಸಿಕೊಳ್ಳಿರಿ ಅಂತ ಹೇಳಿ, ನಾನು ಇಳಿಸಿದ ಮೇಲೆಯೇ ಚೀಲ ಬಿಚ್ಚಿದರು. ಮಂಜು ಮೊದಲು ನೆಲ ಹಿಡಿಯಿತು, ಆಮೇಲೆ ಕಟ್ಟೆ, ಗೂಡು, ಪಿಂಜುವ ಮಷಿನ್ನು, ಕಿಟಕಿ. ಕೊನೆಗೆ ನನ್ನ ಕೈ ನನಗೇ ಕಾಣದಾಯಿತು. ರಾಜೇಸಾಬ ಕೊಡಕ್ಕೆ ಎಡವಿ ಬಿದ್ದ ಸದ್ದು ಕೇಳಿಸಿತು. ಅವನನ್ನು ಎಬ್ಬಿಸಲು ಹೋದ ನಾನು ಕಂಬಕ್ಕೆ ಹಣೆ ಜಜ್ಜಿಕೊಂಡೆ. ಇಬ್ಬರೂ ಬೈದುಕೊಳ್ಳುತ್ತ ಕೂತಿರುವಾಗ ಅವ್ವನ ಹೆಜ್ಜೆಯ ಸದ್ದು ಬಂತು. ಯಾವುದಕ್ಕೂ ತಾಗದೆ, ತಡವರಿಸದೆ, ನಡುಮನೆ ದಾಟಿ ಬಂದಳು. "ಎಡಕ್ಕ ಸರೀರಿ, ಬಲಕ್ಕ ಒಳ್ಳುಕಲ್ಲ ಐತಿ" ಅಂದಳು ಅಳಿಯನಿಗೆ. ಅವಳಿಗೆ ಮನೆಯಲ್ಲಿ ಏನೂ ಬದಲಾಗಿರಲಿಲ್ಲ.

ಆಮೇಲೆ ಹೆಜ್ಜೆ ನಿಂತಿತು. ನನಗೆ ಕಾಣುತ್ತಿರಲಿಲ್ಲ, ಆದರೆ ಅವಳು ಏನು ಮಾಡುತ್ತಿದ್ದಾಳೆಂದು ಗೊತ್ತಾಯಿತು. ಹೊಸ ಹತ್ತಿ ಬಂದಾಗ ಅವಳು ಹಾಗೆಯೇ ಮಾಡುತ್ತಾಳೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಷ್ಟು ಹಿಡಿದು, ಉಜ್ಜಿ, ಕಿವಿಯ ಹತ್ತಿರ ತಂದು ಕೇಳುತ್ತಾಳೆ. ಬೆರಳು ಉಜ್ಜುವ ಸಣ್ಣ ಸದ್ದು ಬಂತು. ಹೇಳಬಾರದೆಂದು ಇಷ್ಟೆಲ್ಲ ಮಾಡಿದ್ದನ್ನು ಸುಂಕದವರೇ ತಂದು ಅವಳ ಕೈಗೆ ಕೊಟ್ಟು ಹೋಗಿದ್ದರು. ನನಗೇಕೆ ಇದು ಮೊದಲೇ ಹೊಳೆಯಲಿಲ್ಲವೋ.

"ದಾವಲಿ," ಅಂದಳು. ದನಿ ಬಹಳ ಸಣ್ಣದಾಗಿತ್ತು. "ಇದು ಆ ಹತ್ತಿ."

ನಾನು ಹಣೆಯ ಮೇಲೆ ಎದ್ದ ಬೋರೆ ಉಜ್ಜಿಕೊಂಡೆ.

"ಅಂಬಾಬಾಯಿ ಇನ್ನೂ ನಿದ್ದಿ ಮಾಡತಾಳೇನ?"

"ಮಾಡತಾಳ ಬೇ. ಮಧ್ಯಾಹ್ನಾನೂ ಮಾಡತಾಳ. ಗಂಡ ಕೆಮ್ಮೂದಿಲ್ಲಂತ ಕನಸಿನಾಗ."

ಅವಳು ನನ್ನ ಕಡೆ ಬಂದಳು. ಅವಳ ಕೈ ಮಂಜಿನಿಂದ ಹೊರಗೆ ಬಂದು ನನ್ನ ತಲೆ ಹುಡುಕಿ, ಹಣೆಯ ಬೋರೆ ಹುಡುಕಿ, ಕೆನ್ನೆಗೆ ಬಂತು. ಛಟೀರೆಂದು ಒಂದು ಏಟು ಕೊಟ್ಟಳು. ಅದೇ ಕೈ ಅಲ್ಲಿಯೇ ಉಳಿದು ಸವರಿತು. "ಊರ ಮುಂದ ಕಳ್ಳಿ ಅನ್ನಿಸ್ಕೊಂಡಿ," ಅಂದಳು. "ನನ್ನ ಸಲುವಾಗಿ." ಇಬ್ಬರೂ ಅತ್ತೆವು. ರಾಜೇಸಾಬ ಎಲ್ಲೋ ಒಳ್ಳುಕಲ್ಲಿನ ಹತ್ತಿರದಿಂದ, "ಏನಾತು? ಯಾರಿಗೆ ಹೊಡದ್ರಿ?" ಅಂತ ಕೇಳುತ್ತಿದ್ದ. "ಸುಮ್ಮನ ಕೂಡ್ರಿ, ಆಮ್ಯಾಲ ನಾನ ಹೇಳತೇನಿ, ನಂದ ತಪ್ಪು" ಅಂದಳು ಅವ್ವ.

ಕಣ್ಣು ಮೂಗು ಒರೆಸಿಕೊಂಡು ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಗಾದಿಯ ಬಟ್ಟೆ ಬಿಡಿಸಿ ಕೊಡವಿದ ಸದ್ದಾಯಿತು. "ಮನಿ ತುಂಬ ಹತ್ತಿ ಬಿದ್ದೈತಿ. ನಿದ್ದಿ ಇಲ್ಲದವರು ಊರಾಗ ಅಂಬಾಬಾಯಿ ಒಬ್ಬಾಕೇನ? ಮಳಿಗಾಲದ ತನಕ ಇದನ್ನ ನೋಡಕೊಂತ ಕೂಡೂದೇನು? ತುಂಬೂನು. ಮಂಜು ಅಂತ ಹೇಳೇ ಕೊಡೂನು, ಬೇಕಾದವರು ಒಯ್ಯಲಿ." ತುಂಬಿದಳು. ಎರಡೂ ಕೈಯಿಂದ ಬಳಿದು ಬಳಿದು ಒಳಗೆ ಹಾಕಿ, ಅಂಗೈಯಿಂದ ಸಮ ಮಾಡಿ, ಮೂಲೆಗಳನ್ನು ಒತ್ತಿದಳು. ಆಮೇಲೆ ಸೂಜಿಗೆ ಉಗುರು ತಾಗುವ ಸಣ್ಣ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ತೆವಳಿಕೊಂಡು ಅವಳ ಹತ್ತಿರ ಹೋದೆ. ನೂಕುತ್ತಾಳೆಂದು ಮೊಣಕೈಯ ಹಾದಿ ನೋಡಿದೆ. ನೂಕಲಿಲ್ಲ. ನನ್ನ ಕೈ ಹಿಡಿದು ಅದರಲ್ಲಿ ಸೂಜಿ ಇಟ್ಟಳು, ದಾರ ಇಟ್ಟಳು.

"ಪೋಣಿಸಿ ಕೊಡು ಮಗಳ," ಅಂದಳು. "ನನಗ ಕಣ್ಣ ಕಾಣೂದಿಲ್ಲ."

ನನಗೂ ಏನೂ ಕಾಣುತ್ತಿರಲಿಲ್ಲ. ದಾರವನ್ನು ನಾಲಿಗೆಗೆ ತಾಗಿಸಿ, ಉಗುರಿನಿಂದ ಸೂಜಿಯ ಕಣ್ಣು ಹುಡುಕತೊಡಗಿದೆ.